ಮಳೆಗಾಲದ ಸಂಜೆ, ಐವತ್ತು ಊಟ: ಮೊದಲ ಸಲ ಬಡಿಸಲು ಬರುವವರಿಗೆ

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಅಂಗಡಿ ಜಗಲಿಯಲ್ಲಿ ಮಲಗುವವರಿಗೆ ಒಂದು ದಿನ ಊಟ ಬಡಿಸಬೇಕು ಎಂದು ಹೊರಡುವವರು ಮೊದಲು ಕೇಳುವುದು, ‘ಎಷ್ಟು ಗಂಟೆಗೆ ಬರ್ಲಿ?’ ಊಟ 7.30ಕ್ಕೆ ಅಂದರೆ 7.25ಕ್ಕೆ ಬಂದು ಸೌಟು ಹಿಡಿಯುವ ಲೆಕ್ಕ ಅವರದು. ಐವತ್ತು ಜನಕ್ಕೆ ಬಡಿಸಲು ಅರ್ಧ ಗಂಟೆ ಸಾಕು, ನಿಜ. ಆದರೆ ಅದರ ಹಿಂದೆ ಮೂರೂವರೆ ಗಂಟೆ, ಮುಂದೆ ಒಂದೂವರೆ ಗಂಟೆ ಕೆಲಸ ಇರುತ್ತದೆ. ಅನ್ನ ಹಳಸುವುದು, ಸಾಂಬಾರು ಸಾಲದೆ ಹೋಗುವುದು, ಅರ್ಧ ಕೊಳಗ ಉಳಿಯುವುದು, ಇವೆಲ್ಲ ತೀರ್ಮಾನವಾಗುವುದು ಸೌಟು ಕೈಗೆ ಬರುವುದಕ್ಕೂ ಮೊದಲೇ. ಅದಕ್ಕೇ ಇಲ್ಲಿ ಬಡಿಸುವುದಕ್ಕಿಂತ ಅದರ ಆಚೀಚೆಯ ಕೆಲಸದ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಒಲೆ ಹಚ್ಚುವ ಮೊದಲು ತಲೆ ಎಣಿಸಿ

ಕೊಡಗಿಗೆ ರೈಲು ಇಲ್ಲ. ದೊಡ್ಡ ಊರುಗಳ ಹಾಗೆ ರೈಲು ನಿಲ್ದಾಣದ ಸುತ್ತ ನೂರಾರು ಜನ ಒಟ್ಟಿಗೆ ಸಿಗುವುದಿಲ್ಲ. ಇಲ್ಲಿ ಬಸ್ ನಿಲ್ದಾಣದಲ್ಲಿ ನಾಲ್ಕು ಜನ, ಮಾರುಕಟ್ಟೆಯ ಶೆಡ್ಡಿನಲ್ಲಿ ಆರು, ಗುಡಿಯ ಬಳಿ ಇಬ್ಬರು, ಮಸೀದಿಯ ಬೀದಿಯಲ್ಲಿ ಮೂವರು, ಹೀಗೆ ಚದುರಿಕೊಂಡಿರುತ್ತಾರೆ. ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್‌ನ ಲೆಕ್ಕದಲ್ಲಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರ ಆಶ್ರಯ ತಾಣ ಇರಬೇಕು ಎಂದಿತ್ತು. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ ಸುಮಾರು 33 ಸಾವಿರ. ಅದೇ ಪ್ರಮಾಣ ಹಿಡಿದರೂ ಬರುವುದು ಮೂವತ್ತು ಚಿಲ್ಲರೆ ತಲೆ. ಹಾಗಿರುವಾಗ ಮೊದಲ ದಿನವೇ ಇನ್ನೂರು ಊಟದ ಬ್ಯಾನರ್ ಕಟ್ಟುವವರ ಲೆಕ್ಕ ಯಾವುದು ಎಂದು ಕೇಳಲೇಬೇಕಾಗುತ್ತದೆ.

ಮೂರು ದಿನ ಎಣಿಸಿ. ರಾತ್ರಿ 9.30ರ ಮೇಲೆ ಒಂದು ಸಲ, ಬೆಳಿಗ್ಗೆ 6ಕ್ಕೆ ಒಂದು ಸಲ. ಸಂಜೆ ಏಳಕ್ಕೆ ಎಣಿಸಿದರೆ ಬಸ್ಸಿಗೆ ಕಾಯುವವರೂ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಕೊನೆಯ ಬಸ್ಸುಗಳು ಹೋದ ಮೇಲೆ ಉಳಿಯುವವರೇ ಅಲ್ಲಿ ಮಲಗುವವರು. ಮೂರರಲ್ಲಿ ಒಂದು ದಿನ ಸಂತೆಯ ದಿನ ಇರಲಿ: ಸೋಮವಾರಪೇಟೆಗೆ ಸೋಮವಾರ, ಕುಶಾಲನಗರಕ್ಕೆ ಮಂಗಳವಾರ, ವಿರಾಜಪೇಟೆಗೆ ಬುಧವಾರ, ಮಡಿಕೇರಿಗೆ ಶುಕ್ರವಾರ. ಸಂತೆಗೆ ಬಂದು, ಬಸ್ಸು ತಪ್ಪಿ, ತೋಟದೊಳಗಿನ ಸಾಲು ಮನೆಗೆ (ಲೈನ್ ಮನೆ) ವಾಪಸ್ ಹೋಗಲಾಗದೆ ಉಳಿಯುವ ತೋಟದ ಕೆಲಸಗಾರರಿಂದ ಆ ರಾತ್ರಿ ಸಂಖ್ಯೆ ಏರುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಮಾರ್ಚ್‌ವರೆಗೆ, ಹೊರಗಿನಿಂದ ಬಂದವರು ಹೆಚ್ಚು. ಕೊಯ್ಲು ಮುಗಿದ ಮೇಲೆ ಕೂಲಿ ಬಾಕಿ ಎಂದು ಕಾದು ಕೂತವರೂ ಇರುತ್ತಾರೆ. ಜಿಲ್ಲಾಸ್ಪತ್ರೆಯ ಹೊರಗೆ ರೋಗಿಗಳ ಜೊತೆ ಬಂದವರಿಗೆ ಮನೆ ಇದೆ. ಆ ರಾತ್ರಿಯ ಊಟ ಇರುವುದಿಲ್ಲ, ಅಷ್ಟೆ. ಅವರನ್ನು ಬೇರೆಯಾಗಿ ಎಣಿಸಿ. ಆದರೆ ಬಂದು ನಿಂತರೆ ‘ನಿಮಗೆ ಮನೆ ಇದೆಯಲ್ಲಾ’ ಎಂದು ಕೇಳಬೇಡಿ. ತಟ್ಟೆ ಮುಂದೆ ನಿಂತವರನ್ನು ವಿಚಾರಣೆ ಮಾಡಲು ಯಾರೂ ಬಂದಿಲ್ಲ.

ಎಣಿಕೆ ಹನ್ನೆರಡಕ್ಕಿಂತ ಕಡಿಮೆ ಬಂದರೆ ಅಡುಗೆಗೇ ಇಳಿಯಬೇಡಿ. ಹತ್ತಿರದ ಸಣ್ಣ ಹೋಟೆಲಿನವರಿಗೆ ಮುಂಗಡ ಕೊಟ್ಟು ಊಟದ ಚೀಟಿಯ ವ್ಯವಸ್ಥೆ ಮಾಡಿ. ಇಂದಿರಾ ಕ್ಯಾಂಟೀನ್ ಇರುವ ಊರಲ್ಲಿ 10 ರೂಪಾಯಿಗೆ ಊಟ ಇದೆ, ನಡೆಯಲು ಆಗುವವರಿಗೆ ಅದು ಸಾಕು. ಏರು ಹತ್ತಲಾಗದ ಕಾಲು, ಬಿಟ್ಟು ಬಂದರೆ ಕಳುವಾಗುವ ಗಂಟು, ಒಳಗೆ ಹೋಗಲು ಸಂಕೋಚ, ಈ ಮೂರರಲ್ಲಿ ಒಂದು ಇರುವವರಿಗೇ ನೀವು ಕೊಂಡೊಯ್ಯುವ ಊಟ ಬೇಕಾಗುವುದು. ಮಳೆಗಾಲದಲ್ಲಿ ನಮ್ಮ ಊರುಗಳ ಅಂಗಡಿ, ಹೋಟೆಲುಗಳು ಬೇಗ ಬಾಗಿಲು ಹಾಕುತ್ತವೆ. ಹಗಲಲ್ಲಿ ಒಂದು ಚಹಾ, ಒಂದು ಬನ್ನು ಯಾರಾದರೂ ಕೊಡಿಸಿಯಾರು, ರಾತ್ರಿ ಊಟವೇ ಕಷ್ಟ. ಅದಕ್ಕೇ ಸಂಜೆ 7.30.

ಏನು, ಎಷ್ಟು

ಕೂತು ಉಣ್ಣುವ ಜಾಗ, ಮೇಲೆ ಸೂರು ಇದ್ದರೆ ಅನ್ನ, ಸಾಂಬಾರು, ಒಂದು ಪಲ್ಯ. ಇಲ್ಲದಿದ್ದರೆ ಬಿಸಿಬೇಳೆ ಬಾತ್ ಒಂದೇ. ಮಳೆ ಇರಚಲಿನಲ್ಲಿ ನಿಂತು ಅನ್ನಕ್ಕೆ ಸಾಂಬಾರು ಕಲಸಿಕೊಳ್ಳುವುದು ಎರಡು ಕೈ ಚೆನ್ನಾಗಿರುವವರಿಗೂ ಕಷ್ಟ. ಪುಳಿಯೋಗರೆ, ಚಿತ್ರಾನ್ನ ಸುಲಭ ಎಂದು ಹಲವರು ತರುತ್ತಾರೆ. ಆರಿದ ಅನ್ನದಲ್ಲಿ ಮಾಡುವ ಅಡುಗೆಯನ್ನು ಜುಲೈ ತಿಂಗಳ ಮಡಿಕೇರಿಯಲ್ಲಿ, ಒದ್ದೆ ಬಟ್ಟೆಯಲ್ಲಿ ಕೂತವರ ಮುಂದೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ಐವತ್ತು ಜನರ ಅನ್ನ ಸಾಂಬಾರಿಗೆ ಅಕ್ಕಿ 6 ಕೆ.ಜಿ. ಮದುವೆ ಮನೆಯ ಲೆಕ್ಕ ತಲೆಗೆ 100 ಗ್ರಾಂ ಇರಬಹುದು, ಇಲ್ಲಿ 120 ಹಿಡಿಯಿರಿ, ದಿನಕ್ಕೆ ಒಂದೇ ಊಟ ಕಾಣುವವರು ಹೆಚ್ಚು ಉಣ್ಣುತ್ತಾರೆ. 6 ಕೆ.ಜಿ. ಅಕ್ಕಿ ಬೆಂದರೆ 16ರಿಂದ 17 ಕೆ.ಜಿ. ಅನ್ನ, ತಲೆಗೆ 330 ಗ್ರಾಂ ಆಸುಪಾಸು. ಸಾಂಬಾರು ತಲೆಗೆ 220 ಮಿ.ಲೀ.ನಂತೆ 11 ಲೀಟರ್: ತೊಗರಿಬೇಳೆ ಒಂದೂವರೆ ಕೆ.ಜಿ., ತರಕಾರಿ ಮೂರೂವರೆ ಕೆ.ಜಿ., ಹುಣಸೆಹಣ್ಣು 150 ಗ್ರಾಂ, ಸಾಂಬಾರು ಪುಡಿ 200 ಗ್ರಾಂ, ಉಪ್ಪು 130 ಗ್ರಾಂ ಹಾಕಿ ರುಚಿ ನೋಡಿ. ಪಲ್ಯಕ್ಕೆ ಎಲೆಕೋಸು ಅಥವಾ ಸೀಮೆಬದನೆ 4 ಕೆ.ಜಿ. ಎಣ್ಣೆ ಎಲ್ಲ ಸೇರಿ ಅರ್ಧ ಲೀಟರ್. ಖಾರ ಮನೆಯ ಅರ್ಧದಷ್ಟು ಇರಲಿ. ಬಾಯಿ ಹುಣ್ಣು, ಹೊಟ್ಟೆ ಉರಿ, ಹಲ್ಲಿಲ್ಲದ ಒಸಡು ಇವು ಈ ಪಂಕ್ತಿಯಲ್ಲಿ ಸಾಮಾನ್ಯ. ಅದೇ ಕಾರಣಕ್ಕೆ ತರಕಾರಿ ಸಣ್ಣದಾಗಿ ಹೆಚ್ಚಿ, ಬೇರಿನಂಥ ನಾರಿನ ಬೀನ್ಸ್ ಬೇಡ. ಸಾಂಬಾರಿಗೆ ತೆಂಗಿನಕಾಯಿ ರುಬ್ಬಿ ಹಾಕಬೇಡಿ. ಕಾಯಿ ಹಾಕಿದ್ದು ಬೇಗ ಕೆಡುತ್ತದೆ, ಬೇಳೆಯಿಂದಲೇ ಗಟ್ಟಿ ಬರಲಿ.

ಬಿಸಿಬೇಳೆ ಬಾತ್ ಆದರೆ ಅಕ್ಕಿ ಮೂರೂವರೆ, ಬೇಳೆ ಒಂದೂವರೆ, ತರಕಾರಿ ಮೂರೂವರೆ ಕೆ.ಜಿ., ನೀರು 18ರಿಂದ 20 ಲೀಟರ್, ಪುಡಿ 300 ಗ್ರಾಂ, ಉಪ್ಪು 250 ಗ್ರಾಂ, ಎಣ್ಣೆ ತುಪ್ಪ ಸೇರಿ 400 ಗ್ರಾಂ. ಒಟ್ಟು 25 ಕೆ.ಜಿ. ಬರುತ್ತದೆ, ತಲೆಗೆ ಅರ್ಧ ಕೆ.ಜಿ. ಅಡುಗೆಮನೆಯಲ್ಲಿ ಪಾಯಸದ ಹಾಗೆ ತೆಳ್ಳಗಿದ್ದದ್ದು ಬಸ್ ನಿಲ್ದಾಣ ಮುಟ್ಟುವಾಗ ಗಾರೆಯ ಹಾಗೆ ಗಟ್ಟಿಯಾಗಿರುತ್ತದೆ. ಎರಡು ಲೀಟರ್ ಕುದಿ ನೀರು ಫ್ಲಾಸ್ಕಿನಲ್ಲಿ ಜೊತೆಗೇ ಇರಲಿ. ಅಲ್ಲಿನ ನಲ್ಲಿಯ ತಣ್ಣೀರು ಹಾಕಿ ತೆಳ್ಳಗೆ ಮಾಡುವುದು ದೊಡ್ಡ ತಪ್ಪು, ಒಂದೇ ಏಟಿಗೆ ಬಿಸಿ ಇಳಿದುಬಿಡುತ್ತದೆ.

ಮಜ್ಜಿಗೆಯನ್ನು ಮಾರ್ಚ್, ಏಪ್ರಿಲ್‌ಗೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಬೆಲ್ಲದ ಕಾಪಿಯಷ್ಟು ಒಳ್ಳೆಯದು ಬೇರೆ ಇಲ್ಲ: 5 ಲೀಟರ್ ನೀರು, ಅರ್ಧ ಕೆ.ಜಿ. ಬೆಲ್ಲ, 120 ಗ್ರಾಂ ಕಾಫಿಪುಡಿ. ಬೆಲ್ಲ ಕರಗಿ ಕುದಿ ಬಂದ ಮೇಲೆ ಪುಡಿ ಹಾಕಿ, ಇಳಿಸಿ, ಮುಚ್ಚಿ, ಸೋಸಿ. ಹಾಲು ಬೇಡ. ಬೆಲ್ಲದ ಜೊತೆ ಒಡೆಯುವ ಭಯ ಇದೆ, ಹಾಲು ಹಾಕಿದ್ದನ್ನು ಹೊತ್ತು ತಿರುಗಿದರೆ ಕೆಡುವ ಭಯವೂ ಇದೆ.

ಅಕ್ಕಿ ಅಂಗಡಿಯಿಂದ ಬಿಲ್ಲು ಹಾಕಿಸಿಯೇ ತನ್ನಿ. ಯಾರೋ ಕಡಿಮೆಗೆ ಪಡಿತರ ಅಕ್ಕಿ ಕೊಡಿಸುತ್ತೇನೆ ಎಂದರೆ ಒಪ್ಪಬೇಡಿ, ಪಡಿತರ ಅಕ್ಕಿ ಮಾರುವುದೂ ಕೊಳ್ಳುವುದೂ ಕಾನೂನುಬಾಹಿರ. ಅನ್ನದಾನಕ್ಕೆ ಎಂದು ಹೇಳಿದರೆ ಅದೇನೂ ಬದಲಾಗುವುದಿಲ್ಲ.

ಬೆಟ್ಟದ ಮೇಲಿನ ಒಲೆ

ಬಯಲು ಸೀಮೆಯ ಅಡುಗೆ ಲೆಕ್ಕ ಮಡಿಕೇರಿಯಲ್ಲಿ ತಪ್ಪುವುದು ಬೇಳೆಯಲ್ಲಿ. ಊರು ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ. ಇಲ್ಲಿ ನೀರು 100 ಡಿಗ್ರಿ ಮುಟ್ಟುವುದಿಲ್ಲ, 96ರ ಆಸುಪಾಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಗಂಟೆ ದಾಟಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಒಂದು ಗಂಟೆ ನೆನೆಹಾಕಿ, 10 ಲೀಟರಿನ ಎರಡು ಕುಕ್ಕರಿನಲ್ಲಿ ಬೇಯಿಸಿಕೊಳ್ಳಿ. ಹುಣಸೆರಸವನ್ನು ಬೇಳೆ ಪೂರ್ತಿ ಮಿದುವಾದ ಮೇಲೆ ಮಾತ್ರ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ.

ಅನ್ನ 6 ಕೆ.ಜಿ. ಒಂದೇ ಪಾತ್ರೆಗೆ ಹಾಕಬೇಡಿ. ಕೈ ಪಳಗದವರ ಹತ್ತಿರ ತಳ ಮುದ್ದೆ, ಮೇಲೆ ಅಕ್ಕಿ ಆಗುವುದು ಹೀಗೆಯೇ. 20 ಲೀಟರಿನ ಪಾತ್ರೆಯಲ್ಲಿ 12 ಲೀಟರ್ ನೀರು ಕುದಿಸಿ, ಅರ್ಧ ಗಂಟೆ ನೆನೆದ 3 ಕೆ.ಜಿ. ಅಕ್ಕಿ ಹಾಕಿ, ಬೆಂದ ಕೂಡಲೇ ಬಸಿಯಿರಿ. ಹೀಗೆ ಎರಡು ಸಲ. ಬಸಿದ ಗಂಜಿ ಚೆಲ್ಲಬೇಡಿ. ಮೂರು ಲೀಟರ್ ಎತ್ತಿಟ್ಟು, ಉಪ್ಪು ಹಾಕಿ, ಒಂದಿಷ್ಟು ಅನ್ನ ಕಿವುಚಿ ಬೇರೆ ಡಬ್ಬಿಯಲ್ಲಿ ಬಿಸಿಯಾಗಿ ತನ್ನಿ. ಅದು ಯಾರಿಗೆ ಎಂದು ಮುಂದೆ ಹೇಳುತ್ತೇನೆ.

ಸೌದೆ ಒಲೆಯ ಆಸೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟುಬಿಡಿ. ಅಟ್ಟದ ಮೇಲಿಟ್ಟ ಸಿಲ್ವರ್ ಓಕ್ ಸೌದೆಯೂ ತೇವ ಎಳೆದುಕೊಂಡಿರುತ್ತದೆ. ಉರಿ ಏಳುವುದಿಲ್ಲ, ಹೊಗೆ ಅನ್ನಕ್ಕೆ ಹಿಡಿಯುತ್ತದೆ. ಗ್ಯಾಸ್ ಆದರೆ ಒಂದು ಸಿಲಿಂಡರು ಹೆಚ್ಚಿಗೆ ಇರಲಿ. ದೊಡ್ಡ ಬರ್ನರಿಗೆ ಹಾಕಿದಾಗ ಸಿಲಿಂಡರಿನ ಮೈ ತಣ್ಣಗಾಗಿ ಉರಿ ಇಳಿಯುವುದುಂಟು. ಖಾಲಿಯಾಯಿತು ಎಂದು ಅಲ್ಲಾಡಿಸಬೇಡಿ, ಬದಲಿಸಿ, ಪಕ್ಕಕ್ಕಿಡಿ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ರುಬ್ಬುವುದು, ಪುಡಿ ಮಾಡುವುದು ಬೆಳಿಗ್ಗೆಯೇ ಮುಗಿಯಲಿ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಎಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ತಲೆಗೆ ಕಟ್ಟುವ ಟಾರ್ಚು ಎರಡು ಬೇಕು, ಕೈಯಲ್ಲಿ ಹಿಡಿಯುವುದು ಬಡಿಸುವವರಿಗೆ ಪ್ರಯೋಜನ ಇಲ್ಲ. ಮೊಬೈಲ್ ಟವರ್ ಸತ್ತ ದಿನಕ್ಕೆ ಎಲ್ಲರ ನಂಬರು, ಕಾಯುವ ಜಾಗ, ಹೊರಡುವ ಹೊತ್ತು ಕಾಗದದಲ್ಲಿ ಬರೆದಿರಲಿ.

ಹೊತ್ತಿನ ಲೆಕ್ಕವನ್ನು ಹಿಂದಿನಿಂದ ಹಾಕಿ. ಬಡಿಸುವುದು 7.30, ಗಾಡಿ ಹೊರಡುವುದು 7ಕ್ಕೆ, ಎರಡನೇ ಅನ್ನ ಬಸಿಯುವುದು 6.40ಕ್ಕೆ, ಮೊದಲನೆಯದು 6.10ಕ್ಕೆ, ಸಾಂಬಾರು ಒಗ್ಗರಣೆ 6ಕ್ಕೆ, ಬೇಳೆ ಕುಕ್ಕರಿಗೆ 5ಕ್ಕೆ, ನೆನೆಸುವುದು, ಹೆಚ್ಚುವುದು 4ಕ್ಕೆ. ಮಧ್ಯಾಹ್ನ ಒಂದಕ್ಕೇ ಅಡುಗೆ ಮುಗಿಸಿ ‘ಆರಾಮಾಗಿ’ ಸಂಜೆ ಒಯ್ಯುವವರಿದ್ದಾರೆ. ಬೇಡವೇ ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಹೊರಗೆ ಚಳಿ ಇದೆಯಲ್ಲ ಎಂದರೆ, ಚಳಿ ಇರುವುದು ಗಾಳಿಗೆ. ಮುಚ್ಚಿದ 8 ಕೆ.ಜಿ. ಅನ್ನದ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ನಿಯಮ ಸರಳ. ಬಿಸಿ ಊಟ 60 ಡಿಗ್ರಿಯ ಮೇಲೇ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಎರಡು ಗಂಟೆಯೊಳಗೆ ತಿಂದು ಮುಗಿಯಬೇಕು. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬ್ಯಾನರಿನ ದುಡ್ಡಿನಲ್ಲಿ ಅದನ್ನು ಕೊಳ್ಳಿ. ಹಾಟ್ ಬಾಕ್ಸ್ ಇದ್ದರೆ ಅನ್ನ ತುಂಬುವ ಮೊದಲು ಕುದಿ ನೀರು ಹಾಕಿ ಹತ್ತು ನಿಮಿಷ ಇಟ್ಟು ಚೆಲ್ಲಿ. ಇಲ್ಲವಾದರೆ ಕೊಳಗಕ್ಕೆ ಒಣ ಗೋಣಿ ಎರಡು ಸುತ್ತು, ಮೇಲೆ ಕಂಬಳಿ. ಹೊರಡುವ ಮೊದಲು ಒಬ್ಬರು ಎಲ್ಲವನ್ನೂ ಉಂಡು ನೋಡಬೇಕು. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊದಲು ಶಿಕ್ಷಕರು ರುಚಿ ನೋಡುವ ಪದ್ಧತಿ ಇದಕ್ಕೇ ಇರುವುದು. ಪ್ರತಿಯೊಂದರಿಂದ ಒಂದು ಕಪ್ಪಿನಷ್ಟು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿ ಎರಡು ದಿನ ಇಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಕೊಡಲು ಏನಾದರೂ ಇರುತ್ತದೆ. ವಾರವಾರ ಮಾಡುವ ಯೋಚನೆ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ನೋಂದಣಿ ವಿಚಾರಿಸಿ. 2006ರ ಕಾಯ್ದೆ ಲಾಭಕ್ಕೆ ಮಾಡುವ, ಮಾಡದ ಎರಡನ್ನೂ ಆಹಾರ ವ್ಯವಹಾರ ಎಂದೇ ಕರೆಯುತ್ತದೆ.

ಸಾಗಣೆ ಬಗ್ಗೆ ಒಂದೇ ಮಾತು: ಪಾತ್ರೆ ಮುಕ್ಕಾಲು ಮಾತ್ರ ತುಂಬಿ, ಮುಚ್ಚಳವನ್ನು ಬಟ್ಟೆಯಲ್ಲಿ ಬಿಗಿದು, ಹಳೇ ಟೈರಿನ ನಡುವೆ ಕೂರಿಸಿ. ನಮ್ಮ ರಸ್ತೆಗಳ ತಿರುವಿನಲ್ಲಿ ತುಂಬಿದ ಸಾಂಬಾರು ಗಾಡಿಗೇ ಮೊದಲು ಬಡಿಸಿಕೊಳ್ಳುತ್ತದೆ.

ಬಡಿಸುವ ಅರ್ಧ ಗಂಟೆ

ಐವತ್ತು ಊಟಕ್ಕೆ ಎಂಟು ಜನ ಸಾಕು. ಅಡುಗೆಗೆ ಇಬ್ಬರು, ಹೆಚ್ಚಲು ಒಬ್ಬರು, ಗಾಡಿಗೆ ಒಬ್ಬರು, ಬಡಿಸಲು ಮೂವರು, ಕೈ ತೊಳೆಯುವ ನೀರಿನ ಬಳಿ ಒಬ್ಬರು. ಇಪ್ಪತ್ತು ಸ್ವಯಂಸೇವಕರು ಬಂದರೆ ಉಣ್ಣುವವರು ಹಿಂಜರಿಯುತ್ತಾರೆ, ಅಲ್ಲೇನೋ ಕಾರ್ಯಕ್ರಮ ಎಂದುಕೊಂಡು ದೂರವೇ ನಿಲ್ಲುತ್ತಾರೆ. ಮೊದಲ ಸಲ ಬಂದವರಿಗೆ ನೀರಿನ ಕೆಲಸ ಕೊಡುವುದು ಒಳ್ಳೆಯದು. ಸೌಟಿನಷ್ಟು ಕಣ್ಣಿಗೆ ಬೀಳದ ಕೆಲಸ ಅದು. ಆದರೆ ಪ್ರತಿಯೊಬ್ಬರ ಮುಖ, ಕೈಯ ಗಾಯ, ನಡುಕ, ಮಾತು ಎಲ್ಲವನ್ನೂ ಹತ್ತಿರದಿಂದ ನೋಡಲು ಸಿಗುವುದು ಅಲ್ಲೇ. ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಚೊಂಬು, ಸೋಪು. ತಣ್ಣೀರಿಟ್ಟರೆ ಆಗಸ್ಟಿನಲ್ಲಿ ಯಾರೂ ಕೈ ತೊಳೆಯುವುದಿಲ್ಲ, ನೀವೂ ತೊಳೆಯಲಾರಿರಿ.

ವಾಂತಿ ಭೇದಿ ಆಗಿ ಎರಡು ದಿನ ಕಳೆಯದವರು ಅಡುಗೆಗೂ ಬಡಿಸಲೂ ಬರಬಾರದು. ಉಗುರು ಕತ್ತರಿಸಿ, ಉಂಗುರ ತೆಗೆದು, ತಲೆಗೆ ಬಟ್ಟೆ ಕಟ್ಟಿ. ಕೈಗವಸು ಹಾಕಿದ ಕೈಯಲ್ಲೇ ಮೊಬೈಲು, ದುಡ್ಡು, ಗಾಡಿ ಬೀಗ ಮುಟ್ಟಿ ಮತ್ತೆ ಅನ್ನಕ್ಕೆ ಕೈ ಹಾಕುವವರಿಗಿಂತ ಬರಿಗೈ ತೊಳೆದು ಸೌಟು ಹಿಡಿದವರು ವಾಸಿ.

ತಟ್ಟೆಗೆ ಅಡಿಕೆ ಹಾಳೆಯದೇ ಸರಿ, ಹತ್ತು ಇಂಚಿನದು. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬರುತ್ತದೆ, ಬಿಸಿಗೂ ನೀರಿಗೂ ಬಗ್ಗುವುದಿಲ್ಲ. ಬಾಳೆಎಲೆ ಚೆಂದ, ಆದರೆ ಗಾಳಿಗೆ ಮಗುಚುತ್ತದೆ. ಮುತ್ತುಗದೆಲೆಯ ಹೊಲಿಗೆಯಲ್ಲಿ ಸಾಂಬಾರು ಸೋರುತ್ತದೆ. ಪ್ಲಾಸ್ಟಿಕ್, ಥರ್ಮೋಕೋಲ್ ತಟ್ಟೆ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ. ಎರಡು ಗೋಣಿಚೀಲ ಪಕ್ಕದಲ್ಲಿರಲಿ, ಒಂದು ಎಂಜಲಿಗೆ, ಒಂದು ತಟ್ಟೆಗೆ. ಒಂದೇ ಒಂದು ತಟ್ಟೆ ಅಲ್ಲಿ ಉಳಿದರೂ ನಾಯಿ ಎಳೆದಾಡುತ್ತದೆ, ಮರುದಿನ ಬೈಸಿಕೊಳ್ಳುವುದು ನೀವಲ್ಲ, ಅಲ್ಲಿ ಮಲಗಿದವರು. ಅಲ್ಲಿಂದ ಅವರನ್ನು ಎಬ್ಬಿಸಲು ಅಷ್ಟೇ ನೆಪ ಸಾಕು. ನಿಲ್ದಾಣದ ಸಂಚಾರ ನಿಯಂತ್ರಕರಿಗೆ, ರಸ್ತೆ ಬದಿಯಾದರೆ ನಗರಸಭೆಗೆ ಮೊದಲೇ ಹೇಳಿಟ್ಟುಕೊಳ್ಳುವುದೂ ಇದಕ್ಕೇ.

ನಡೆಯಲಾಗದವರಿಗೆ ಕೂತಲ್ಲಿಗೇ ಮೊದಲು, ಆಮೇಲೆ ಸಾಲು. ಮೊದಲ ಸುತ್ತಿಗೆ ಎರಡು ಸೌಟು, ಆಮೇಲೆ ‘ಇನ್ನೂ ಹಾಕ್ಲಾ ಅಜ್ಜ?’ ಎಂದು ಕೇಳಿ ಮೂರನೆಯದು. ನಿಮ್ಮ ಸೌಟಿಗೆ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಮನೆಯಲ್ಲೇ ತೂಗಿ ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲ ಇಪ್ಪತ್ತು ಜನಕ್ಕೆ ಧಾರಾಳ, ಕೊನೆಯ ಹತ್ತು ಜನಕ್ಕೆ ಕ್ಷಮೆ. ಅಜ್ಜ, ಅಜ್ಜಿ, ಅಣ್ಣ, ಅಕ್ಕ ಎನ್ನಿ. ಹೆಸರು ಅವರಾಗಿ ಹೇಳಿದರೆ ಮಾತ್ರ ಹೆಸರು. ಏಕವಚನ ಬೇಡ. ಈ ಸಾಲಿನಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು, ಹಿಂದಿ, ಬಂಗಾಳಿ ಎಲ್ಲವೂ ಸಿಗುತ್ತದೆ. ಕೊಡವ ತಕ್ಕ್‌ನಲ್ಲಿ ಕೂಳ್ ಎಂದರೆ ಬರೀ ಅನ್ನ, ನೈ ಕೂಳ್ ಹಬ್ಬದ ತುಪ್ಪದನ್ನ. ಅದೇ ‘ಕೂಳು’ ಕನ್ನಡದವರ ಕಿವಿಗೆ ಬೈಗುಳ. ಎದುರಿಗಿರುವವರ ಮಾತು ಯಾವುದು ಎಂದು ಗೊತ್ತಾಗುವವರೆಗೆ ‘ಊಟ’ ಎಂದರೆ ಯಾರಿಗೂ ನೋವಾಗುವುದಿಲ್ಲ.

ಮಲಗಿದವರ ತಲೆಯ ಬಳಿ ಪೊಟ್ಟಣ ಇಟ್ಟು ಬರಬೇಡಿ. ಇಲಿ, ನಾಯಿ ಬರುತ್ತವೆ. ಕಾಲಿನ ಕಡೆ ನಾಲ್ಕಡಿ ದೂರ ನಿಂತು ಕರೆಯಿರಿ, ಮೈ ಮುಟ್ಟಿ ಅಲ್ಲಾಡಿಸಬೇಡಿ, ಪೊಲೀಸರು ಬಂದರು ಎಂದೇ ಬೆಚ್ಚಿ ಏಳುತ್ತಾರೆ. ಒಂಟಿ ಹೆಂಗಸರ ಹತ್ತಿರ ಹೆಂಗಸರೇ ಹೋಗಲಿ, ಇಬ್ಬರು. ಕೆಲವರು ಅರ್ಧ ಉಂಡು ಉಳಿದದ್ದನ್ನು ಕವರಿಗೆ ಸುರಿದುಕೊಳ್ಳುತ್ತಾರೆ, ಬೆಳಿಗ್ಗೆಗೆ. ತಡೆದರೆ ಮನಸ್ಸು ನೋಯುತ್ತದೆ, ಬಿಟ್ಟರೆ ಬೆಳಿಗ್ಗೆ ಹಳಸಿದ್ದನ್ನೇ ತಿನ್ನುತ್ತಾರೆ. ಅದಕ್ಕೆ ತಲೆಗೆ ಎರಡು ಬಾಳೆಹಣ್ಣು, ಒಂದು ಪುಟ್ಟ ಬಿಸ್ಕತ್ತು ಪೊಟ್ಟಣ ತನ್ನಿ. ‘ಬೆಳಿಗ್ಗೆಗೆ ಇದಿದೆ, ಅನ್ನ ಈಗ್ಲೇ ಮುಗಿಸಿ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ಈಗ ಆ ಗಂಜಿ. ಹಲವು ದಿನ ಏನೂ ಉಣ್ಣದೆ, ಎಲುಬು ಗೂಡಾಗಿ, ಮಾತಿಗೂ ತ್ರಾಣ ಇಲ್ಲದವರ ಮುಂದೆ ತಟ್ಟೆ ತುಂಬ ಅನ್ನ ಸುರಿಯುವುದು ಅಪಾಯ. ಬಹಳ ದಿನ ಬರಿದಾದ ದೇಹಕ್ಕೆ ಒಮ್ಮೆಲೇ ಪಿಷ್ಟ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆಯಾಗಬಹುದು. ವರ್ಷಗಟ್ಟಲೆ ಕುಡಿತದಲ್ಲಿದ್ದವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಂಥವರಿಗೆ ಉಪ್ಪು ಗಂಜಿ ಅರ್ಧ ಲೋಟ, ನಿಧಾನ, ಮತ್ತು 108ಕ್ಕೆ ಕರೆ. ಉಳಿದದ್ದು ವೈದ್ಯರ ಕೆಲಸ. ಅಮಲಿನಲ್ಲಿ ಕಣ್ಣು ತೆರೆಯಲಾಗದವರ ಬಾಯಿಗೆ ಯಾವುದನ್ನೂ ಹಾಕಬೇಡಿ, ಉಸಿರು ಕಟ್ಟುತ್ತದೆ. ಒಂದು ಪಕ್ಕಕ್ಕೆ ಹೊರಳಿಸಿ 108. ಕುಡಿದು ಜಗಳಕ್ಕೆ ಬಂದವರಿಗೆ ವಾದ ಬೇಡ, ತಟ್ಟೆ ಕೊಡಿ. ಬಾಯಿಗೆ ಅನ್ನ ಹೋದರೆ ಮಾತು ತಾನೇ ಕಡಿಮೆಯಾಗುತ್ತದೆ.

ಮನಸ್ಸಿನ ಕಾಯಿಲೆಯಿಂದ ಊರೂರು ಅಲೆಯುವವರು ನಮ್ಮ ಬಸ್ ನಿಲ್ದಾಣಗಳಿಗೂ ಬಂದು ಸೇರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಠಾಣೆಯ ಹೊಣೆ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಗೆ ಹೋಗುವಾಗ ಈ ಸೆಕ್ಷನ್ ಸಂಖ್ಯೆ ಗೊತ್ತಿದ್ದರೆ ಮಾತು ಚಿಕ್ಕದಾಗುತ್ತದೆ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮನಸ್ 14416, ಮಕ್ಕಳು ಕಂಡರೆ 1098, ಹಿರಿಯರಿಗೆ 14567. ಈ ನಂಬರುಗಳನ್ನು ಕೊಳಗದ ಮುಚ್ಚಳದ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಫೋಟೊ ಬೇಡ. ದಾನಿಗಳಿಗೆ ಲೆಕ್ಕ ತೋರಿಸಬೇಕಾದರೆ ಕೊಳಗದ ಫೋಟೊ, ಬಿಲ್ಲಿನ ಫೋಟೊ ಕಳಿಸಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಬೇಡುವವರನ್ನು ಅದರಡಿ ಹಿಡಿದೊಯ್ಯಬಹುದು. ಗುರುತು ಸಿಗುವ ಮುಖ ಊರೆಲ್ಲ ಹರಡಿದರೆ ಅದರಿಂದ ಅವರಿಗೆ ಒಳ್ಳೆಯದಂತೂ ಆಗುವುದಿಲ್ಲ.

ಪ್ರೀತಿಯಿಂದ ಬರುವ ತೊಂದರೆಗಳು

ಮದುವೆ ಮಂಟಪದಿಂದ ‘ಬಹಳ ಉಳಿದಿದೆ, ಬನ್ನಿ’ ಎಂಬ ಕರೆ ಬಂದರೆ ಮೂರು ಪ್ರಶ್ನೆ ಕೇಳಿ: ಒಲೆಯಿಂದ ಎಷ್ಟು ಗಂಟೆಗೆ ಇಳಿಸಿದ್ದು, ಬಡಿಸುವ ಪಾತ್ರೆಯದೋ ಅಡುಗೆಮನೆಯಲ್ಲೇ ಉಳಿದದ್ದೋ, ಒಳಗೆ ಏನಿದೆ. ಪಂಕ್ತಿಗೆ ಹೋಗಿ ಬಂದ ಪಾತ್ರೆ ಬೇಡ. ಮಧ್ಯಾಹ್ನದ ಅನ್ನ, ತೆಂಗಿನ ಹಾಲಿನ ಸಾರು, ಮೊಸರು ಹಾಕಿದ್ದು ಸಂಜೆಗೆ ಬೇಡ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿದ್ದ ಪಂದಿ ಕರಿ ಹುಳಿಯಿಂದಾಗಿ ಉಳಿದವಕ್ಕಿಂತ ತಡೆಯುತ್ತದೆ ನಿಜ, ಆದರೆ ಈ ಸಾಲಿನಲ್ಲಿ ಹಂದಿ ತಿನ್ನದವರು ಎಷ್ಟೋ ಜನ. ಒಂದೇ ಗಾಡಿಯಲ್ಲಿ, ಒಂದೇ ಸೌಟಿನಲ್ಲಿ ಅದು ಬಂದರೆ ಮುಂದಿನ ವಾರ ಅವರು ಬರುವುದಿಲ್ಲ. ಮಾಂಸವಾದರೆ ಬೇರೆ ದಿನ, ಬೇರೆ ಪಾತ್ರೆ, ಏನೆಂದು ಜೋರಾಗಿ ಹೇಳಿ.

ಮಳೆಗಾಲದಲ್ಲಿ ತೋಟದ ಮನೆಗಳಿಂದ ಕಾಡಣಬೆ, ಕಣಿಲೆ (ಎಳೆ ಬಿದಿರು) ಬರುತ್ತದೆ. ಅಣಬೆಯನ್ನು ಕೈ ಮುಗಿದು ವಾಪಸ್ ಕೊಡಿ. ಗುರುತು ತಪ್ಪಿದರೆ ಐವತ್ತು ಜನ ಆಸ್ಪತ್ರೆಗೆ. ಕಣಿಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿದ್ದು ನೀವೇ ನೋಡಿದ್ದರೆ ಮಾತ್ರ ಸರಿ. ಇನ್ನು ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಆಸುಪಾಸು, ಮದ್ದು ಸೊಪ್ಪಿನ ಪಾಯಸ ಹಂಚುವ ಉತ್ಸಾಹ. ನಮಗೆ ಗೊತ್ತು, ತಿಂದ ಮರುದಿನ ಮೂತ್ರ ಕೆಂಪಗಾಗುತ್ತದೆ ಎಂದು. ಅಸ್ಸಾಮಿನಿಂದ ಬಂದವರಿಗೆ ಗೊತ್ತಿಲ್ಲ. ರಕ್ತ ಎಂದು ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಹಂಚುವುದಾದರೆ ಹೇಳಿ ಹಂಚಿ.

ಎಲ್ಲಕ್ಕಿಂತ ದೊಡ್ಡ ತೊಂದರೆ ದಿನದ್ದು. ಹುಟ್ಟುಹಬ್ಬ, ಆಗಸ್ಟ್ 15, ಅಕ್ಟೋಬರ್ 2, ದಸರಾ, ಈ ದಿನಗಳಿಗೆ ಮೂರು ತಂಡ ಬಂದು ಒಬ್ಬರಿಗೇ ಮೂರು ಊಟ. ಜುಲೈ ತಿಂಗಳ ಜಡಿಮಳೆಯ ಮಂಗಳವಾರ ಯಾರೂ ಇಲ್ಲ. ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ), ಪುತ್ತರಿ (ಸುಗ್ಗಿ ಹಬ್ಬ) ದಿನ ಮನೆಮನೆಯಲ್ಲೂ ಹಬ್ಬ, ಹೋಟೆಲು ಬಾಗಿಲು ಹಾಕಿರುತ್ತದೆ, ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ಅಂದು ಚಹಾ ಸಹ ಸಿಗುವುದು ಕಷ್ಟ. ಊರಿನ ತಂಡಗಳೆಲ್ಲ ಸೇರಿ ಒಂದು ಕ್ಯಾಲೆಂಡರಿನಲ್ಲಿ ದಿನ ಹಂಚಿಕೊಳ್ಳಿ. ಹೊಸಬರು ಖಾಲಿ ಇರುವ ದಿನವನ್ನೇ ಕೇಳಿ ಪಡೆಯಲಿ. ಅದೇ ಜಾಗ, ಅದೇ ವಾರ, ಅದೇ ಹೊತ್ತು. ಒಂದು ವಾರ ತಪ್ಪಿದರೂ ಮರುವಾರ ಅರ್ಧಕ್ಕರ್ಧ ಜನ ಬಂದಿರುವುದಿಲ್ಲ, ಕಾದು ಕಾದು ಹಸಿದು ಮಲಗಿದ್ದು ಅವರಿಗೆ ನೆನಪಿರುತ್ತದೆ.

ವಾಪಸ್ ಬಂದ ಮೇಲೆ

ಉಳಿದ ಅನ್ನವನ್ನು ಮರುದಿನಕ್ಕೆ ಇಡಬೇಡಿ. ರಾತ್ರಿಯೇ ಹಸುವಿಗೋ ಗೊಬ್ಬರದ ಗುಂಡಿಗೋ ಹೋಗಲಿ. ಎಷ್ಟು ಉಳಿಯಿತು ಎಂದು ತೂಗಿ ಬರೆಯಿರಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಮಳೆ ಇತ್ತೇ, ಸಂತೆಯೇ, ಬೆಂದ ಅಕ್ಕಿ, ಉಂಡವರು, ಉಳಿದದ್ದು, ಹೊರಡುವಾಗ ಮತ್ತು ಕೊನೆಯ ತಟ್ಟೆಗೆ ಬಡಿಸುವಾಗ ಎಷ್ಟು ಡಿಗ್ರಿ, ಇಷ್ಟು ಸಾಕು. ಹೆಸರು, ಜಾತಿ, ಊರು ಬೇಡ. ಎಂಟು ವಾರ ಬರೆದರೆ ಯಾವ ದಿನಕ್ಕೆ ಎಷ್ಟು ಅಕ್ಕಿ ಎಂಬ ಲೆಕ್ಕ ತಾನಾಗಿ ಕೈಗೆ ಬರುತ್ತದೆ.

ಪಾತ್ರೆಗಳನ್ನು ರಾತ್ರಿಯೇ ತೊಳೆದು ಬೋರಲು ಹಾಕಿ, ಕುದಿ ನೀರು ಸುರಿದು. ಕೊಳಗಕ್ಕೆ ಸುತ್ತಿದ ಗೋಣಿಯನ್ನು ಮಡಚಿ ಮೂಲೆಗೆ ಎಸೆಯಬೇಡಿ. ಮಡಿಕೇರಿಯ ಮಳೆಗಾಲದಲ್ಲಿ ಮೂರೇ ದಿನಕ್ಕೆ ಬೂಸ್ಟು ಹಿಡಿದು, ಮುಂದಿನ ವಾರ ಬಿಸಿ ಅನ್ನಕ್ಕೆ ಮುಗ್ಗಲು ವಾಸನೆ ಹತ್ತುತ್ತದೆ. ಅದನ್ನು ಆರುತ್ತಿರುವ ಒಲೆಯ ಪಕ್ಕ ಹರವಿ, ಬೆಳಿಗ್ಗೆ ಒಮ್ಮೆ ಮಗುಚಿ ಹಾಕಲು ಯಾರಿಗಾದರೂ ಹೇಳಿಟ್ಟು ಮನೆಗೆ ಹೋಗಿ.